ಚೋರ್‌ಖಾನೆ: ತೆರೆದವರ ಕಥೆ, ಮುಚ್ಚಿದವರ ಕಥೆ

ಬಾದಾಮಿಯಿಂದ ನಾಲ್ಕೈದು ಕಿಲೋಮೀಟರ್ ದೂರದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಶುರುವಾದರೆ ವಾರಗಟ್ಟಲೆ ಮುಗಿಯುವುದಿಲ್ಲ. ಆ ಜಾತ್ರೆ ಎಂದರೆ ದೂರದವರಿಗೆ ರಾತ್ರಿಯಿಡೀ ನಡೆಯುವ ಕಂಪನಿ ನಾಟಕಗಳು ನೆನಪಾಗುತ್ತವೆ. ಸುತ್ತಲಿನ ಹಳ್ಳಿಗಳವರಿಗೆ ನಾಟಕದಷ್ಟೇ ಮುಖ್ಯವಾದದ್ದು ಕಟ್ಟಿಗೆ ಸಾಮಾನು. ಮನೆ ಕಟ್ಟಿಸುವವರು ಬಾಗಿಲು, ಬಾಗಿಲವಾಡ, ಕಿಟಕಿ ಚೌಕಟ್ಟುಗಳನ್ನು ಕೊಳ್ಳಲು ಈ ಜಾತ್ರೆಯನ್ನೇ ಕಾಯುತ್ತಾರೆ. ಚೊಳಚಗುಡ್ಡ ನಮ್ಮ ತಾಯಿಯ ತವರು. ಅಲ್ಲಿನ ಮನೆಯ ಹಿಂದಿನ ಕೋಣೆಯಲ್ಲಿ ಇದೇ ಜಾತ್ರೆಯಿಂದ ಎಂದೋ ತಂದ ಒಂದು ಸಾಗವಾನಿ ಸಂದೂಕವಿತ್ತು. ಅದರ ವಿಷಯಕ್ಕೆ ಆಮೇಲೆ ಬರುತ್ತೇವೆ. ಮೊದಲು ಒಂದು ಶಬ್ದದ ವಿಷಯ.

ಸಂದೂಕ, ಮೇಜು, ಕಪಾಟುಗಳ ಒಳಗಿನ ಗುಪ್ತ ಖಾನೆಗೆ ಉರ್ದುವಿನಲ್ಲಿ 'ಚೋರ್‌ಖಾನಾ' ಎನ್ನುತ್ತಾರೆ. ಗುಪ್ತ ಬಾಗಿಲು 'ಚೋರ್ ದರ್ವಾಜಾ', ಕಾಣದಂತೆ ಹೊಲಿದ ಜೇಬು 'ಚೋರ್ ಜೇಬ್'. ಉರ್ದು ಶಾಲೆಯಲ್ಲಿ ಓದುವಾಗ ಈ ಶಬ್ದ ನಮಗೆ ವಿಚಿತ್ರವಾಗಿ ಕಂಡಿತ್ತು. ಕಳ್ಳನಿಂದ ಕಾಪಾಡಲು ಮಾಡಿದ ಖಾನೆಗೆ ಕಳ್ಳನದೇ ಹೆಸರು! ಇಲ್ಲಿ 'ಚೋರ್' ಎಂದರೆ ಮರೆಯಾದದ್ದು ಎಂದಷ್ಟೇ ಅರ್ಥ ಎಂದು ಉಸ್ತಾದರು ಹೇಳಿಕೊಟ್ಟರು. ಆದರೂ ಬಚ್ಚಿಟ್ಟವರನ್ನು ಅನುಮಾನದಿಂದ ನೋಡುವ ಒಂದು ಕಣ್ಣು ಆ ಶಬ್ದದೊಳಗೆ ಇದೆ ಎಂದೇ ಇಂದಿಗೂ ನಮಗೆ ಅನಿಸುತ್ತದೆ.

ಚೋರ್‌ಖಾನೆಯ ರಚನೆ ಸರಳ. ಸಂದೂಕವನ್ನು ಹೊರಗಿನಿಂದ ಅಳೆದರೆ ಒಂದು ಮೊಳ ಆಳ; ಒಳಗೆ ಕೈ ಬಿಟ್ಟು ಅಳೆದರೆ ನಾಲ್ಕು ಬೆರಳು ಕಡಿಮೆ. ಆ ನಾಲ್ಕು ಬೆರಳೇ ಚೋರ್‌ಖಾನೆ. ತಳದ ಹಲಗೆ ನಿಜವಾದ ತಳವಲ್ಲ. ಅದು ಗಾಡಿಯೊಳಗೆ ಸರಿಯುತ್ತದೆ. ಸಾಲಾಗಿ ಬಡಿದ ಮರದ ಬೆಣೆಗಳಲ್ಲಿ ಒಂದು ಮಾತ್ರ ಸಡಿಲ. ಅದು ಯಾವುದೆಂದು ಮಾಡಿದ ಬಡಿಗೇರನಿಗೆ ಗೊತ್ತು, ಮಾಡಿಸಿಕೊಂಡವರಿಗೆ ಗೊತ್ತು.

ಕಥೆ ಬರೆಯುವವರಿಗೆ ಇಷ್ಟು ಸಾಕು. ಮುಚ್ಚಿದ ಪೆಟ್ಟಿಗೆ ಕಂಡರೆ ಅದನ್ನು ತೆರೆಯಿಸದೆ ನಮಗೆ ಸಮಾಧಾನವಿಲ್ಲ. ಅಜ್ಜಿಯ ಕಥೆಗಳ ಏಳು ಕೊಪ್ಪರಿಗೆ ಹೊನ್ನಿನಿಂದ ಹಿಡಿದು ಪತ್ತೇದಾರಿ ಕಾದಂಬರಿಗಳ ಗುಪ್ತ ಉಯಿಲಿನವರೆಗೆ ಈ ವಸ್ತು ನಮ್ಮನ್ನು ಬಿಟ್ಟಿಲ್ಲ. ತೇಜಸ್ವಿಯವರು 'ಜುಗಾರಿ ಕ್ರಾಸ್'ನಲ್ಲಿ ಹಳೆಯ ಕಾವ್ಯದ ಹಸ್ತಪ್ರತಿಯನ್ನೇ ಒಂದು ಚೋರ್‌ಖಾನೆಯಾಗಿಸಿ ಕೆಂಪುಕಲ್ಲುಗಳ ಸುಳಿವನ್ನು ಅದರೊಳಗೆ ಇಟ್ಟರು. ಇಂಥ ಕಥೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ನಮ್ಮ ಕಥೆಗಳಿಗೆಲ್ಲ ತೆರೆದವರ ಮೇಲೆ ಕಣ್ಣು. ಯಾರಿಗೆ ಸಿಕ್ಕಿತು, ಸಿಕ್ಕವರು ಏನು ಮಾಡಿದರು, ಅದರಿಂದ ಉದ್ಧಾರವಾದರೋ ಹಾಳಾದರೋ ಎಂಬುದೇ ಕಥೆ. ಮುಚ್ಚಿದವರು ಯಾರು, ಯಾರಿಗೆ ಹೆದರಿ ಮುಚ್ಚಿದರು ಎಂದು ಕೇಳುವ ಕಥೆಗಳು ಬೆರಳೆಣಿಕೆಯಷ್ಟು. ನಮ್ಮ ದೂರು ಇದು. ಈ ದೂರಿನಲ್ಲಿ ಮೊದಲ ಆರೋಪಿ ನಾವೇ ಎಂಬುದನ್ನೂ ಮುಂದೆ ಒಪ್ಪಿಕೊಳ್ಳುತ್ತೇವೆ.

ಪೀಠೋಪಕರಣದೊಳಗಿನ ನಿಧಿಯ ಬಗ್ಗೆ ಜಗತ್ತಿನಲ್ಲಿ ಅತ್ಯಂತ ಹೆಸರಾದ ಕಾದಂಬರಿ ಎಂದರೆ ರಷ್ಯನ್ ಲೇಖಕರಾದ ಇಲ್ಯಾ ಇಲ್ಫ್ ಮತ್ತು ಯೆವ್ಗೆನಿ ಪೆತ್ರೋವ್ ಇಬ್ಬರೂ ಸೇರಿ ಬರೆದ 'ಹನ್ನೆರಡು ಕುರ್ಚಿಗಳು'. ಪ್ರಕಟವಾದದ್ದು 1928ರಲ್ಲಿ. ಕ್ರಾಂತಿಯ ಕಾಲದಲ್ಲಿ ಸಿರಿವಂತ ಮನೆತನದ ಮುದುಕಿಯೊಬ್ಬಳು ತನ್ನ ವಜ್ರಗಳನ್ನು ಹನ್ನೆರಡು ಕುರ್ಚಿಗಳ ಪೈಕಿ ಒಂದರ ಆಸನದೊಳಗೆ ಇಟ್ಟು ಹೊಲಿಯುತ್ತಾಳೆ. ಕುರ್ಚಿಗಳು ಸರಕಾರದ ವಶವಾಗುತ್ತವೆ. ಸಾಯುವಾಗ ಅವಳು ಈ ಗುಟ್ಟನ್ನು ಅಳಿಯನಿಗೆ ಹೇಳುತ್ತಾಳೆ. ಮುಂದಿನದು ಅಳಿಯ ವೊರೊಬ್ಯಾನಿನೊವ್ ಮತ್ತು ಮಾತಿನಮಲ್ಲ ವಂಚಕ ಓಸ್ತಾಪ್ ಬೆಂದರ್ ದೇಶವೆಲ್ಲ ಅಲೆದು ಒಂದೊಂದೇ ಕುರ್ಚಿಯನ್ನು ಸೀಳುತ್ತ ಹೋಗುವ ಕಥೆ. ಕೊನೆಯ ಕುರ್ಚಿಯ ಹೊತ್ತಿಗೆ ಪಾಲು ಕೊಡಬೇಕಾದೀತೆಂದು ಅಳಿಯ ಬೆಂದರನ ಕತ್ತನ್ನೇ ಕೊಯ್ಯುತ್ತಾನೆ. ಆದರೆ ವಜ್ರಗಳು ಆಗಲೇ ಕಾವಲುಗಾರನಿಗೆ ಸಿಕ್ಕಿ, ಅದರ ಹಣದಿಂದ ರೈಲ್ವೆ ಕಾರ್ಮಿಕರಿಗೊಂದು ಹೊಸ ಕ್ಲಬ್ಬು ಎದ್ದಿರುತ್ತದೆ.

ಓದುತ್ತ ಹೊಟ್ಟೆತುಂಬ ನಗಿಸುವ, ಕೊನೆಗೆ ಕಪಾಳಕ್ಕೆ ಹೊಡೆಯುವ ಕೃತಿ ಇದು. ಬಚ್ಚಿಟ್ಟದ್ದು ಎಲ್ಲರದಾಯಿತು ಎಂಬ ಅದರ ಕೊನೆಯನ್ನು ನಾವೂ ಮೆಚ್ಚಿದ್ದೇವೆ. ಆದರೆ ಎರಡನೇ ಸಲ ಓದಿದಾಗ ಆ ಮುದುಕಿ ಕಾಡತೊಡಗಿದಳು. ತಪಾಸಣೆಗೆ ಬಂದವರ ಹೆಜ್ಜೆ ಸಪ್ಪಳ ಕೇಳುತ್ತ, ನಡುಗುವ ಕೈಯಿಂದ ಕುರ್ಚಿಯ ಬಟ್ಟೆ ಹೊಲಿದ ಅವಳ ಆ ಗಳಿಗೆಯನ್ನು ಕಾದಂಬರಿ ಹಿಂತಿರುಗಿ ನೋಡುವುದೇ ಇಲ್ಲ. ಮೊದಲ ಕೆಲವು ಅಧ್ಯಾಯಗಳಲ್ಲೇ ಅವಳು ಸತ್ತು ಕಥೆಗೆ ದಾರಿ ಮಾಡಿಕೊಡುತ್ತಾಳೆ. ಅವಳಿಗೆ ಅಲ್ಲಿರುವ ಕೆಲಸ ಅಷ್ಟೇ.

ಇದೇ ಆಸೆಯನ್ನು ಮಂಟೋ ಒಂದೇ ಪುಟದಲ್ಲಿ ಮುಗಿಸಿದರು. ವಿಭಜನೆಯ ಗಲಭೆಗಳ ಬಗ್ಗೆ ಅವರು ಬರೆದ 'ಸಿಯಾಹ್ ಹಾಶಿಯೇ' 1948ರಲ್ಲಿ ಬಂತು. ಅದರಲ್ಲಿ 'ತಕ್ಸೀಮ್' ಎಂಬ ಪುಟ್ಟ ಬರಹವಿದೆ. ಲೂಟಿಯಲ್ಲಿ ಒಬ್ಬನ ಕಣ್ಣು ಒಂದು ದೊಡ್ಡ ಮರದ ಪೆಟ್ಟಿಗೆಯ ಮೇಲೆ ಬೀಳುತ್ತದೆ. ಅದು ಒಬ್ಬನಿಂದ ಎತ್ತಲಾಗದಷ್ಟು ಭಾರ. ಇನ್ನೊಬ್ಬ ಕೈಗೂಡಿಸುತ್ತಾನೆ. ಹೊತ್ತು ತಂದ ಮೇಲೆ ಪಾಲಿನ ಜಗಳ ಹತ್ತುತ್ತದೆ. ಕೊನೆಗೆ ಮುಚ್ಚಳ ತೆಗೆದರೆ ಒಳಗಿನಿಂದ ಖಡ್ಗ ಹಿಡಿದ ಮನುಷ್ಯನೊಬ್ಬ ಎದ್ದು ಬಂದು ಇಬ್ಬರನ್ನೂ ಎರಡೆರಡು ಪಾಲು ಮಾಡುತ್ತಾನೆ. ಶೀರ್ಷಿಕೆಯ ಅರ್ಥವೂ ಪಾಲು, ವಿಭಜನೆ.

ಇದನ್ನು ಕ್ರೂರ ವ್ಯಂಗ್ಯವೆಂದು ಮಾತ್ರ ಓದುವುದು ರೂಢಿ. ನಮಗೆ ಇದರ ಬೇರೊಂದು ಗುಣ ದೊಡ್ಡದಾಗಿ ಕಾಣುತ್ತದೆ. ಪೆಟ್ಟಿಗೆಯೊಳಗೆ ಮಾಲು ಇದೆ ಎಂದುಕೊಂಡವರಿಗೆ ಮಂಟೋ ಅಲ್ಲಿ ಮನುಷ್ಯನನ್ನು ತೋರಿಸಿದರು. ಪ್ರತಿಯೊಂದು ಮುಚ್ಚಿದ ಪೆಟ್ಟಿಗೆಯೊಳಗೂ ಹೆದರಿದ ಒಬ್ಬ ಮನುಷ್ಯನಿರುತ್ತಾನೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಕಥೆಯನ್ನು ನಾವು ಬೇರೆ ಓದಿಲ್ಲ.

ಕಥೆಗಾರರು ಮಾತ್ರವಲ್ಲ, ನ್ಯಾಯ ಹೇಳುವವರೂ ಈ ಪೆಟ್ಟಿಗೆಯ ಮುಂದೆ ತಲೆ ಕೆರೆದುಕೊಂಡಿದ್ದಾರೆ. 1841ರಲ್ಲಿ ಇಂಗ್ಲೆಂಡಿನಲ್ಲಿ 'ಮೆರಿ ವಿರುದ್ಧ ಗ್ರೀನ್' ಎಂಬ ಮೊಕದ್ದಮೆ ನಡೆಯಿತು. ಒಬ್ಬರು ಹರಾಜಿನಲ್ಲಿ ಬರವಣಿಗೆಯ ಹಳೆಯ ಮೇಜೊಂದನ್ನು ಕೊಂಡಿದ್ದರು. ಸ್ವಲ್ಪ ದಿನದ ಮೇಲೆ ಅದರ ಗುಪ್ತ ಖಾನೆಯಲ್ಲಿ ಹಣದ ಚೀಲ ಸಿಕ್ಕಿತು. ಮೇಜು ಕೊಂಡವರಿಗೆ ಹಣವೂ ಸೇರುತ್ತದೆಯೇ? ಒಳಗೆ ಹಣವಿರುವುದು ಮಾರಿದವರಿಗೂ ಗೊತ್ತಿರಲಿಲ್ಲ, ಕೊಂಡವರಿಗೂ ಗೊತ್ತಿರಲಿಲ್ಲ. ಹಾಗಿರುವಾಗ ಮೇಜನ್ನು ಒಪ್ಪಿಸಿದ ಮಾತ್ರಕ್ಕೆ ಹಣವನ್ನೂ ಒಪ್ಪಿಸಿದಂತೆ ಆಗಲಿಲ್ಲ ಎಂದಿತು ನ್ಯಾಯಾಲಯ. ಒಳಗಿನದನ್ನೂ ಸೇರಿಸಿ ಮಾರಿದ್ದಾರೆ ಎಂದು ನಂಬಲು ಕಾರಣವಿಲ್ಲದೆ ಅದನ್ನು ತನ್ನದಾಗಿಸಿಕೊಳ್ಳುವುದು ಕಳವಾಗಬಹುದು ಎಂಬುದು ಆ ತೀರ್ಪಿನ ತಿರುಳು.

ಹದೀಸ್ ಓದಿಕೊಂಡವರಿಗೆ ಈ ವ್ಯಾಜ್ಯ ಹೊಸದಲ್ಲ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿ ಒಂದು ಪ್ರಸಂಗವಿದೆ. ಒಬ್ಬರು ಇನ್ನೊಬ್ಬರಿಂದ ಜಮೀನು ಕೊಂಡರು. ಅದರಲ್ಲಿ ಬಂಗಾರದ ಗಡಿಗೆ ಸಿಕ್ಕಿತು. ಕೊಂಡವರು ಗಡಿಗೆ ಹಿಡಿದುಕೊಂಡು ಮಾರಿದವರ ಬಳಿ ಹೋದರು: ತಾವು ಕೊಂಡದ್ದು ನೆಲ, ಬಂಗಾರವಲ್ಲ. ಮಾರಿದವರೂ ಮುಟ್ಟಲು ಒಪ್ಪಲಿಲ್ಲ: ತಾವು ನೆಲವನ್ನು ಅದರೊಳಗಿನದರ ಸಮೇತ ಮಾರಿದ್ದು. ಬೇಡ ಬೇಡ ಎಂಬ ಜಗಳ ಮೂರನೆಯವರ ಮುಂದೆ ಹೋಯಿತು. ಒಬ್ಬರಿಗೆ ಮಗನಿದ್ದ, ಇನ್ನೊಬ್ಬರಿಗೆ ಮಗಳಿದ್ದಳು. ಇಬ್ಬರಿಗೂ ನಿಕಾಹ್ ಮಾಡಿ ಆ ಹಣವನ್ನು ಅವರಿಗೆ ಖರ್ಚು ಮಾಡಿ, ದಾನವನ್ನೂ ಕೊಡಿ ಎಂದು ಅವರು ತೀರ್ಮಾನಿಸಿದರು. ಮಂಟೋನ ಇಬ್ಬರು ನನಗೆ ನನಗೆ ಎಂದು ಸತ್ತರು. ಇವರಿಬ್ಬರು ನಿನಗೆ ನಿನಗೆ ಎಂದು ಬೀಗರಾದರು.

ನಮ್ಮ ದೇಶದ ಕಾನೂನು ನೆಲಕ್ಕೂ ಪೆಟ್ಟಿಗೆಗೂ ವ್ಯತ್ಯಾಸ ಮಾಡುತ್ತದೆ. 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಅಥವಾ ನೆಲಕ್ಕೆ ಅಂಟಿಕೊಂಡದ್ದರಲ್ಲಿ ಅಡಗಿಸಿಟ್ಟ ಬೆಲೆಬಾಳುವ ವಸ್ತು ಮಾತ್ರ ನಿಧಿ. ಎತ್ತಿ ಇಡಬಹುದಾದ ಸಂದೂಕ ಅದರೊಳಗೆ ಬರುವುದಿಲ್ಲ. ಇನ್ನೊಬ್ಬರ ಸ್ವತ್ತು ಸಿಕ್ಕು ಅದನ್ನು ತನ್ನ ವಶಕ್ಕೆ ತೆಗೆದುಕೊಂಡವರ ಬಗ್ಗೆ 1872ರ ಕರಾರು ಕಾಯ್ದೆಯ 71ನೇ ಕಲಮು ಬೇರೆ ಮಾತು ಹೇಳುತ್ತದೆ. ಕಾಪಾಡಲೆಂದು ನಂಬಿ ಕೊಟ್ಟ ವಸ್ತುವಿಗೆ ಎಷ್ಟು ಹೊಣೆಯೋ ಸಿಕ್ಕ ವಸ್ತುವಿಗೂ ಅಷ್ಟೇ ಹೊಣೆ. ನಮ್ಮ ಮನೆಗಳಲ್ಲಿ ಇದಕ್ಕೆ 'ಅಮಾನತ್' ಎಂಬ ಒಂದೇ ಶಬ್ದ ಸಾಕು.

ಅಮಾನತ್ ಎಂದ ಕೂಡಲೇ ಯಾರದು ಎಂಬ ಪ್ರಶ್ನೆ ಬರಬೇಕು. ಆ ಪ್ರಶ್ನೆ ಕೇಳಿದ ದೊಡ್ಡ ಕಥೆ ಟ್ಯಾಗೋರರ 'ಸಂಪತ್ತಿ ಸಮರ್ಪಣ'. ಜಿಪುಣ ಯಜ್ಞನಾಥ ತನ್ನ ಹಣವನ್ನು ಕಾಯಲು ಯಕ್ಷನೊಬ್ಬ ಬೇಕೆಂದು, ಮನೆ ಬಿಟ್ಟು ಬಂದ ಹುಡುಗನೊಬ್ಬನನ್ನು ಆ ಹಣದೊಂದಿಗೆ ನೆಲದಡಿಯಲ್ಲಿ ಜೀವಂತ ಮುಚ್ಚುತ್ತಾನೆ. ಆ ಹುಡುಗ ಬೇರೆ ಹೆಸರಿಟ್ಟುಕೊಂಡಿದ್ದ ತನ್ನ ಸ್ವಂತ ಮೊಮ್ಮಗನೇ ಎಂದು ತಿಳಿಯುವುದು ಆಮೇಲೆ. ಇಲ್ಲಿ ಕಥೆಗಾರರು ಮುಚ್ಚಿದವನ ಜೊತೆಗೇ ನಿಲ್ಲುತ್ತಾರೆ. ಕಲ್ಲು ಜಾರಿಸಿ ಮುಚ್ಚುವ ಕೈಯನ್ನು ತೋರಿಸುತ್ತಾರೆ. ಹಳೆಯ ಬಂಗಾಳದ ಮಾತು ಎಂದು ಇದನ್ನು ತಳ್ಳಿಹಾಕುವಂತಿಲ್ಲ. ನಿಧಿಯ ಹುಡುಕಾಟದ ಹೆಸರಿನ ಅಮಾನುಷ ಆಚರಣೆಗಳನ್ನು ನಿಷೇಧಿಸಲು ಕರ್ನಾಟಕ 2017ರಲ್ಲಿ ಕಾಯ್ದೆಯನ್ನೇ ಮಾಡಬೇಕಾಯಿತು.

ಆದರೆ ಎಲ್ಲ ಬಚ್ಚಿಡುವವರೂ ಯಜ್ಞನಾಥರಲ್ಲ. ಜಿಪುಣನಿಗಿಂತ ಹೆಚ್ಚಾಗಿ ಚೋರ್‌ಖಾನೆಯನ್ನು ಬಳಸಿದವರು ಮನೆಯ ಹೆಂಗಸರು. ಅವರ ಕಥೆಯನ್ನು ಟ್ಯಾಗೋರರೂ ಇಲ್ಲಿ ಹೇಳಿಲ್ಲ. ಈಗ ಚೊಳಚಗುಡ್ಡದ ಸಂದೂಕದ ಬಳಿ ಬರಬಹುದು.

ನಮ್ಮ ನಾನಿಮಾ ಕೌದಿ ಹೊಲಿಯುತ್ತಿದ್ದರು. ಮನೆಯವರಿಗೆ ಪುಕ್ಕಟೆ, ಊರವರಿಗೆ ಕೂಲಿಗೆ. ಒಂದು ಕೌದಿಗೆ ಎಷ್ಟು ಸಿಗುತ್ತಿತ್ತೆಂದು ನಾವಾರೂ ಕೇಳಿದವರಲ್ಲ. ನಾನಾ ತೀರಿಕೊಂಡಾಗ ಮನೆ ಮತ್ತು ಅಂಗಡಿ ಗಂಡುಮಕ್ಕಳ ನಡುವೆ ಹಂಚಿಕೆಯಾದವು. ಮೂವರು ಹೆಣ್ಣುಮಕ್ಕಳು ತಮ್ಮ ಪಾಲನ್ನು 'ಮಾಫ್' ಮಾಡಿದರು. ಕುರ್‌ಆನ್ ಹೆಣ್ಣುಮಕ್ಕಳಿಗೆ ಪಾಲು ನಿಗದಿ ಮಾಡಿದೆ ಎಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತವರಿನ ಬಾಗಿಲು ಮುಚ್ಚಬಾರದೆಂದರೆ ಬಾಯಿ ಮುಚ್ಚಬೇಕು ಎಂಬುದೂ ಹೆಣ್ಣುಮಕ್ಕಳಿಗೆ ಗೊತ್ತಿತ್ತು. ನಾನಿಮಾ ಆ ದಿನ ಏನೂ ಮಾತಾಡಲಿಲ್ಲವಂತೆ.

ಅವರು 2018ರಲ್ಲಿ ತೀರಿಕೊಂಡರು. ಮರುವರ್ಷ ಆಗಸ್ಟಿನಲ್ಲಿ ಮಲಪ್ರಭೆಗೆ ಮಹಾಪೂರ ಬಂದು ದಂಡೆಯ ಊರುಗಳಿಗೆ ನೀರು ಹೊಕ್ಕಿತು. ಮನೆಯ ಹಿಂದಿನ ಕೋಣೆಯಲ್ಲಿ ಸಂದೂಕ ಎರಡು ದಿನ ನೀರಿನಲ್ಲಿ ನಿಂತಿತ್ತು. ನೀರು ಇಳಿದ ಮೇಲೆ ಮಾಮೂ ಅದನ್ನು ಅಂಗಳಕ್ಕೆ ತಂದು ಬಿಸಿಲಿಗಿಟ್ಟರು. ನೆನೆದು ಉಬ್ಬಿದ ಹಲಗೆ ಒಣಗುತ್ತ ಸೊಟ್ಟಗಾಗಿ, ಬೆಣೆ ಜಿಗಿದು, ತಳ ಬಾಯಿ ಬಿಟ್ಟಿತು. ಒಳಗೆ ಇಳಕಲ್ ಸೀರೆಯ ಕೆಂಪು ಸೆರಗಿನ ಚೂರುಗಳಲ್ಲಿ ಕಟ್ಟಿದ ಮೂರು ಗಂಟುಗಳಿದ್ದವು. ಒಂದೊಂದರಲ್ಲಿ ಒಂದು ಬೆಳ್ಳಿ ಬಳೆ, ಐನೂರು ರೂಪಾಯಿಯ ಆರು ಹಳೆಯ ನೋಟು.

ಒಟ್ಟು ಹದಿನೆಂಟು ನೋಟು, ಒಂಬತ್ತು ಸಾವಿರ ರೂಪಾಯಿ. 2016ರ ನವೆಂಬರ್ 8ರ ರಾತ್ರಿ ಆ ನೋಟುಗಳ ಚಲಾವಣೆ ನಿಂತಿತ್ತು. ಬ್ಯಾಂಕಿಗೆ ತುಂಬಲು ಡಿಸೆಂಬರ್ 30ರವರೆಗೆ ಅವಕಾಶವಿತ್ತು.

ನಾವು ಇದರ ಮೇಲೆ ಕಥೆ ಬರೆದೆವು. ಕಥೆಯಲ್ಲಿ ನೋಟುಗಳು ಇರಲಿಲ್ಲ. ರದ್ದಾದ ನೋಟಿಗೆ ಏನು ಕಳೆ ಎಂದು ಅವುಗಳನ್ನು ಅಶರ್ಫಿ ಮಾಡಿದೆವು. ನೆರೆಯ ಬದಲು ಹಳೆಯ ಮನೆ ಕೆಡವುವ ದೃಶ್ಯ ಬಂತು. ಸಂದೂಕ ತೆರೆಯುವವನು ಶಹರದಲ್ಲಿ ಓದಿದ ಮೊಮ್ಮಗ. ದುರಾಸೆಗೂ ಈಮಾನಿಗೂ ನಡುವೆ ಒಂದು ರಾತ್ರಿ ಹೊಯ್ದಾಡಿ, ಬೆಳಗಿನ ನಮಾಜಿನ ಹೊತ್ತಿಗೆ ಅವನು ಎಲ್ಲವನ್ನೂ ಬಡಹುಡುಗಿಯರ ಮದುವೆಗೆ ಕೊಟ್ಟುಬಿಡುತ್ತಾನೆ. ಕಥೆ ಅಚ್ಚಾಯಿತು. ಮೆಚ್ಚುಗೆಯ ಪತ್ರಗಳೂ ಬಂದವು.

ಖಾಲಾಗೆ ಕನ್ನಡ ಓದಲು ಬರುವುದಿಲ್ಲ. ಒಂದು ದಿನ ನಾವೇ ಓದಿ ಹೇಳಿದೆವು. ಅವರು ಕೊನೆಯವರೆಗೂ ಕೇಳಿ, "ಎಲ್ಲಾ ಛಂದ ಐತಿ ಬೇಟಾ. ಇದರಾಗ ಅಮ್ಮಾ ಎಲ್ಲಿದಾಳ?" ಎಂದರು.

ಇಷ್ಟು ವರ್ಷಗಳಲ್ಲಿ ನಮ್ಮ ಕಥೆಗಳ ಬಗ್ಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಇಲ್ಫ್ ಮತ್ತು ಪೆತ್ರೋವ್ ಮುದುಕಿಯನ್ನು ಮರೆತರೆಂದು ದೂರುವ ನಾವು ನಮ್ಮ ಮನೆಯ ಮುದುಕಿಯನ್ನು ಮೊದಲ ಸಾಲಿನಲ್ಲೇ ದಫನ್ ಮಾಡಿದ್ದೆವು. ಬದುಕಿನ ನೋಟುಗಳನ್ನು ಅಶರ್ಫಿ ಮಾಡಿದಾಗ ಕಥೆಗೆ ಕಳೆ ಬಂತು, ಆದರೆ ಅದರ ಪ್ರಾಣವೇ ಹೋಯಿತು. ಏಕೆಂದರೆ ಅಶರ್ಫಿ ಎಂದೂ ರದ್ದಾಗುವುದಿಲ್ಲ. ರದ್ದಾದದ್ದರಲ್ಲೇ ನಾನಿಮಾರ ಕಥೆಯಿತ್ತು.

ಅಂದು ಖಾಲಾ ಇನ್ನೊಂದು ಸಂಗತಿ ಹೇಳಿದರು. ನೋಟು ರದ್ದಾದ ಆ ಐವತ್ತು ದಿನಗಳಲ್ಲಿ ಅವರು ತವರಿಗೆ ಬಂದಿದ್ದರು. ಮಾಮೂಗಳು ದಿನಾ ಬಾದಾಮಿಯ ಬ್ಯಾಂಕಿನ ಮುಂದೆ ಪಾಳಿ ನಿಲ್ಲುತ್ತಿದ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ ದೊಡ್ಡ ಮಾಮೂ, "ಯಾರ ಹತ್ರರ ಹಳೀ ನೋಟ ಇದ್ರ ಈಗ ಕೊಡ್ರಿ, ತುಂಬಿ ಬರತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅವರೇನೂ ಕೆಟ್ಟವರಲ್ಲ, ಕೊಟ್ಟಿದ್ದರೆ ತುಂಬಿಯೇ ಬರುತ್ತಿದ್ದರು. ನಾನಿಮಾರ ಹೆಸರಿನಲ್ಲಿ ಖಾತೆಯೂ ಇತ್ತು, ಅದರ ಪಾಸ್‌ಬುಕ್ ಮಗನ ಹತ್ತಿರ ಇರುತ್ತಿತ್ತು. ನಾನಿಮಾ ಮೂಲೆಯಲ್ಲಿ ಕೌದಿ ಹೊಲಿಯುತ್ತ ಕೂತಿದ್ದರು. ಸೂಜಿಯಿಂದ ಕಣ್ಣೆತ್ತಲಿಲ್ಲ.

ಹೇಳಿದ್ದರೆ ಹಣ ಉಳಿಯುತ್ತಿತ್ತು, ಆದರೆ ಅದು ಪಾಸ್‌ಬುಕ್ಕಿಗೆ ಸೇರುತ್ತಿತ್ತು. ಮೂರು ಗಂಟುಗಳು ಒಂದಾಗಿ ಮನೆಯ ಹಣವಾಗುತ್ತಿದ್ದವು. ಹೇಳದಿದ್ದುದರಿಂದ ಹಣ ಸತ್ತಿತು, ಗಂಟುಗಳು ಮೂರಾಗಿಯೇ ಉಳಿದವು. ಇದನ್ನು ತ್ಯಾಗ ಎನ್ನುವುದೋ, ಹಟ ಎನ್ನುವುದೋ, ಭಯ ಎನ್ನುವುದೋ? ಆ ರಾತ್ರಿ, ಆ ಊಟದ ಸುಪ್ರ, ಎತ್ತದ ಆ ಕಣ್ಣು, ಕಥೆಗಾರರು ನಿಲ್ಲಬೇಕಾದ ಜಾಗ ಅದು. ಅಲ್ಲಿ ನಿಲ್ಲುವ ಧೈರ್ಯ ನಮಗಿರಲಿಲ್ಲ. ಅಲ್ಲಿ ನಿಂತರೆ ಮೊಮ್ಮಗನ ಒಳ್ಳೆಯತನದಿಂದ ಕಥೆಯನ್ನು ಮುಗಿಸಲಾಗುವುದಿಲ್ಲ. ನಮ್ಮ ಮನೆಯ ಹಂಚಿಕೆಯ ಬಗ್ಗೆ ಮಾತಾಡಬೇಕಾಗುತ್ತದೆ.

ಆ ಧೈರ್ಯ ತೋರಿದ ಕಥೆಗಳು ಕನ್ನಡದಲ್ಲಿವೆ. ಬಾನು ಮುಷ್ತಾಕ್ ಅವರ 'ಬೆಂಕಿ ಮಳೆ'ಯಲ್ಲಿ ಮುತವಲ್ಲಿಯ ತಂಗಿ ಅಣ್ಣನ ಮುಂದೆ ಬಂದು ತವರಿನ ಆಸ್ತಿಯಲ್ಲಿ ತನ್ನ ಪಾಲನ್ನು ಬಾಯಿಬಿಟ್ಟು ಕೇಳುತ್ತಾಳೆ. ಜಮಾತಿನ ಹಿರಿಯನಾದ ಅಣ್ಣ ಆ ಮಾತನ್ನು ಬದಿಗೆ ಸರಿಸಿ, ಸತ್ತವನೊಬ್ಬನ ಶವವನ್ನು ಎಲ್ಲಿ ಹೂಳಬೇಕೆಂಬ ಊರಿನ ಗದ್ದಲದಲ್ಲಿ ಮುಳುಗುತ್ತಾನೆ. ಬಾನು ಅವರ ಕಥೆಗಳ ಇಂಗ್ಲಿಷ್ ಸಂಗ್ರಹಕ್ಕೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಆ ತಂಗಿಯ ಪ್ರಶ್ನೆಯನ್ನು ನಮ್ಮ ಮನೆಗಳಲ್ಲಿ ಎಷ್ಟು ಜನ ಹಂಚಿಕೊಂಡೆವು? 'ಬೆಂಕಿ ಮಳೆ'ಯ ತಂಗಿಗೂ ಚೊಳಚಗುಡ್ಡದ ನಾನಿಮಾಗೂ ಇರುವ ಅಂತರ ಇಷ್ಟೇ: ಒಬ್ಬಳು ಕೇಳಿದಳು, ಒಬ್ಬರು ಕಟ್ಟಿ ಇಟ್ಟರು. ಕೇಳಲು ಬಾರದ ಮನೆಯಲ್ಲಿ ಸಂದೂಕಕ್ಕೆ ಚೋರ್‌ಖಾನೆ ಬೇಕಾಗುತ್ತದೆ.

ಇದು ಮುಸ್ಲಿಮರ ಮನೆಯ ಮಾತು ಮಾತ್ರ ಎಂದು ಯಾರೂ ತಿಳಿಯಬೇಕಾಗಿಲ್ಲ. ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮಾನ ಹಕ್ಕನ್ನು ಇಡೀ ದೇಶಕ್ಕೆ ಅನ್ವಯಿಸಿ ಕೊಟ್ಟದ್ದು 2005ರ ತಿದ್ದುಪಡಿ. ಆಮೇಲೂ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತ್ತಂಗಿಯರು ಎಲ್ಲ ಜಾತಿಗಳಲ್ಲೂ ಇದ್ದಾರೆ. ಸಾಸಿವೆ ಡಬ್ಬಿ, ಅಕ್ಕಿ ಡಬ್ಬಿ, ದೇವರ ಗೂಡು, ಹಾಸಿಗೆಯ ಅಡಿ, ಚೋರ್‌ಖಾನೆಗೆ ಹೆಸರುಗಳು ಬೇರೆ ಬೇರೆ. 2016ರ ಆ ಐವತ್ತು ದಿನಗಳಲ್ಲಿ ಅವೆಲ್ಲ ಒಮ್ಮೆಗೇ ತೆರೆಯಬೇಕಾಗಿ ಬಂತು. ಅಷ್ಟೊಂದು ಕಥೆಗಳಲ್ಲಿ ಬರೆದದ್ದು ಎಷ್ಟು ಕಡಿಮೆ!

ಈಗ ಆ ನೋಟುಗಳು ಏನಾದವು ಎಂದು ಓದುಗರು ಕೇಳಬಹುದು. 2017ರ ಕಾಯ್ದೆಯಂತೆ ರದ್ದಾದ ನೋಟುಗಳನ್ನು ಹತ್ತಕ್ಕಿಂತ ಹೆಚ್ಚು ಇಟ್ಟುಕೊಂಡರೆ ದಂಡ. ಹದಿನೆಂಟೂ ಒಂದೇ ಕಡೆ ಇದ್ದರೆ ತಪ್ಪಾಗುತ್ತದೆ ಎಂದು ಮಾಮೂ ಹೆದರಿ, ಸುಟ್ಟುಬಿಡೋಣ ಎಂದರಂತೆ. ಖಾಲಾ ಒಪ್ಪಲಿಲ್ಲ. ಮೂವರು ಅಕ್ಕತಂಗಿಯರು ತಮ್ಮ ತಮ್ಮ ಗಂಟನ್ನು ತೆಗೆದುಕೊಂಡರು. ಒಬ್ಬೊಬ್ಬರಿಗೆ ಆರು ನೋಟು. ನಾನಿಮಾ ಮಾಡಿಟ್ಟ ಹಂಚಿಕೆಯಂತೆ ನಡೆದುಕೊಂಡಾಗ ಯಾವ ಕಾಯ್ದೆಯೂ ಮುರಿಯಲಿಲ್ಲ.

ನಮ್ಮ ತಾಯಿಯ ಪಾಲಿನ ಗಂಟು ಅವರ ಕಪಾಟಿನಲ್ಲಿ, ಬಾಗಿಲು ತೆಗೆದ ಕೂಡಲೇ ಕಾಣುವ ಜಾಗದಲ್ಲಿದೆ. ಕಥೆಯನ್ನು ನಾವು ಮೊದಲಿನಿಂದ ಬರೆಯುತ್ತಿದ್ದೇವೆ. ಈ ಸಲ ಅದು ಕೌದಿಯ ಸೂಜಿಯಿಂದ ಶುರುವಾಗುತ್ತದೆ.